ಸೋವಿ ದೇಶ

ಬ್ರಹ್ಮಪುರ ಠಾಣೆದಾಗ ಹವಾಲ್ದಾರ ಹಣಮಂತರಾಯ
ಫಾರಂ ತಿರುವಿ ಹಾಕಿ ಕೇಳಿದ:
ಬಾಯಾರ, ಅರವತ್ತೊಂದರಾಗ ಪರಾಗ್ವೆ ಯಾಕ್ರೀ?
ಅಲ್ಲಿ ಯಾರದಾರ?
ಯಾರೂ ಇಲ್ಲ, ಅಂದೆ.
ಮತ್ತ?
ಸೋವಿ ಅದ ಅಂತ.

ಅಂವ ನಕ್ಕ.
ಗಂಜಿನಾಗ ಬ್ಯಾಳಿ ಸೋವಿ, ಸೂಪರ್ ಮಾರ್ಕೆಟ್ಟಿನಾಗ ಉಳ್ಳಾಗಡ್ಡಿ ಸೋವಿ,
ದೇಶ ಸೋವಿ ಅಂಬೂದು ಇವತ್ತೇ ಕೇಳ್ಲತ್ತೀನಿ ಅಂದ.
ಚಹಾ ತರಿಸಿದ. ಕುಡಿದೆ.

ಅವಗ ಹ್ಯಾಂಗ ಹೇಳಲಿ,
ರಿಟೈರ್ ಆಗಿ ಆಸ್ಪತ್ರಿ ಕ್ವಾರ್ಟರ್ಸ್ ಬಿಟ್ಟ ವರ್ಷ
ಸೇಡಂ ರೋಡಿನಿಂದ ಹುಮನಾಬಾದ್ ಬೇಸಿನ ತನಕ
ನಲವತ್ತು ಮನಿ ನೋಡಿದ್ದು,
"ಮನಿ ಖಾಲಿ ಅದ" ಬೋರ್ಡಿನ ಕೆಳಗ
ಶಹಾಬಾದ್ ಪರಸಿ ಮ್ಯಾಲ ಚಪ್ಪಲಿ ಬಿಟ್ಟು ನಿಂತದ್ದು.
ಹೆಸರು? ವಿಮಲಾಬಾಯಿ.
ಹೂಂ, ಅಡ್ಡಹೆಸರು?
ಕಟ್ಟಿಮನಿ.
ಹೆಸರಿನಾಗೇ ಮನಿ ಇದ್ದಾಕಿಗೆ
"ಈಗ ಮುಂಜಾನಿನೇ ಬ್ಯಾರೇವ್ರಿಗೆ ಕೊಟ್ವಿ" ಅಂತಿದ್ರು.
ಒಬ್ಬಾಕಿ ಬಾಳ ಒಳ್ಳೇಕಿ, ನೀರು ಕೊಟ್ಟಳು,
ಪ್ಲಾಸ್ಟಿಕ್ ಗ್ಲಾಸಿನಾಗ,
ನಾ ಕುಡಿಯೂತನಕ ಕಸದ ಬುಟ್ಟಿ ಕಡೆ ನೋಡಕೋತ ನಿಂತಿದ್ದಳು.
ಕಿರಾಯಿ ಆರು ಸಾವಿರ. ಸುಳ್ಳು ಯಾಕ ಹೇಳಲಿ,
ಸೋವೀನೇ ಇತ್ತು.

ತಮ್ಮನ ಹೇಂತಿ ಅಂತಾಳ:
ನಮ್ಮ ಮನ್ಯಾಗೇ ಇರ್ರಿ ಅಕ್ಕಾ, ಯಾರು ಬ್ಯಾಡ ಅಂದಾರ?
ಆ ದೇಶಕ್ಕ ಹೋಗಿ ಪರದೇಶಿ ಆಗ್ತೀರೇನು?
ಪರದೇಶಿ.
ಅವ್ವ ಸತ್ತ ದಿನ ಓಣಿ ಮಂದಿ ಇದೇ ಮಾತು ಅಂದಿದ್ರು ನನಗ,
ಆಗ ಕೈಯಾಗ ಪಾಸ್‌ಪೋರ್ಟ್ ಇರಲಿಲ್ಲ.
ಈಗ ಆ ಮಾತಿಗೊಂದು ಫೋಟೋ ಹತ್ತಲಿ, ಸಿಕ್ಕಾ ಬೀಳಲಿ.

ರಮೋನ್ ಅಂತ, ಸಿಮೆಂಟ್ ಫ್ಯಾಕ್ಟರಿಗೆ ಮಷೀನ್ ಕೂಡಸಲಿಕ್ಕ ಬಂದಾಂವ,
ಮುಂಗೈ ಮುರಕೊಂಡು ನನ್ನ ಎಕ್ಸ್‌ರೇ ಕೋಣಿಗೆ ಬಂದಾಗ
ನಾ ಕುದಿಸಿದ ಶೇಂಗಾ ತಿನ್ಲತ್ತಿದ್ದೆ.
ಅಂಥಾ ನೋವಿನಾಗೂ ಬೆರಳು ಮಾಡಿ ಒದರಿದ: ಮಂಡುವಿ!
ಇದು ನಮ್ಮದು, ನಮ್ಮ ಕೆಂಪು ಮಣ್ಣಿಂದು.
ನಾ ಒಪ್ಪಲಿಲ್ಲ.
ಶೇಂಗಾ ಹಿಂಡಿ ಇಲ್ದ ರೊಟ್ಟಿ ಯಾವ ಜಲ್ಮದಾಗ ತಿಂದೀವಿ ನಾವು?
ಜಗಳಾಡಿದ್ವಿ. ಬುಟ್ಟಿ ಖಾಲಿ ಆತು.
ಆಮ್ಯಾಲ ತಮ್ಮನ ಮಗಳ ಪುಸ್ತಕದಾಗ ನೋಡಿದೆ, ಖರೇ ಅದ,
ಶೇಂಗಾ ಆ ಕಡಿಂದೇ ಬಂದದ, ಮೆಣಸಿನಕಾಯೀನೂ.
ಯಾರ ಪೈಕಿ ಅಂತ ಎರಿ ಹೊಲ ಕೇಳಲಿಲ್ಲ, ಒಳಗ ಕರಕೊಂಡಿತು.
ಈಗ ಮಂದಿ ದೇವರ ಎಡಿಗೂ
ಶೇಂಗಾ ಹೋಳಿಗಿ ಇಡ್ತಾರ.

ಲೆಕ್ಕ ಹಾಕೀನಿ. ನನ್ನ ಪೆನ್ಶನ್
ಅವರ ರೊಕ್ಕದಾಗ ಇಪ್ಪತ್ನಾಕು ಲಕ್ಷ.
ಹಿಗ್ಗಬ್ಯಾಡ್ರಿ, ಹಾಲಿನ ಪಾಕೀಟು ಏಳು ಸಾವಿರ.
ಬಿಸಿಲು ನಮ್ಮದೇ, ಜನವರಿಗೆ ಬರ್ತದ ಅಷ್ಟೇ.
ಬಿಳಿಜೋಳದ ಹಿಟ್ಟು ಸಿಗೂದಿಲ್ಲಂತ.
ಅದಕ್ಕ ಅತ್ತೀನಿ, ಮತ್ಯಾವುದಕ್ಕೂ ಅಲ್ಲ.

ಅಲ್ಲೂ ಕೇಳ್ತಾರ, ಎಲ್ಲಿಂದ ಬಂದಿ?
ಕಲಬುರಗಿ ಅಂತೀನಿ. ತಿಳಿಯೂದಿಲ್ಲ.
ಕಟ್ಟಿಮನಿ ಅಂತೀನಿ. ನಾಲಗಿ ತೊಡರ್ತದ. ತೊಡರಲಿ.
ಅವರಲ್ಲೂ ಮ್ಯಾಲಿನವರು ಕೆಳಗಿನವರು ಇದ್ದೇ ಇದ್ದಾರು,
ಅದನ್ನ ಓದಲಿಕ್ಕ ನನಗ ಬರೂದ್ರಾಗ
ನಾಕು ವರ್ಷ ಆರಾಮ ಹೋಗಿರ್ತಾವ.

ಮೊಬೈಲಿನಾಗ ಸ್ಪ್ಯಾನಿಷ್ ಕಲಿಸೂ ಹುಡುಗಿ
ನಮಸ್ಕಾರದಿಂದ ಸುರು ಮಾಡೂಣು ಅಂದಳು.
ಬ್ಯಾಡವ್ವ, ಅಂದೆ,
ಮೂವತ್ತೊಂದು ವರ್ಷ ನಾ ದಿನಾ ಅಂದದ್ದು ಎರಡೇ ಮಾತು,
ಅವು ಕಲಿಸು ಮೊದಲು:
ಉಸಿರು ಹಿಡೀರಿ.
ಬಿಡ್ರಿ.

ನೋ ರೆಸ್ಪಿರೆ, ಅಂದಳು. ರೆಸ್ಪಿರೆ.
ಮುಂದಿನ ನೋ ತೆಗೆದ್ರ ಆತು.

ಸಿಟಿ ಬಸ್ಸಿನಾಗ, ಕಿಟಕಿಗೆ ಮಾರಿ ಹಚ್ಚಿ,
ರೆಸ್ಪಿರೆ, ರೆಸ್ಪಿರೆ, ಅನಕೋತ ಹೊಂಟಿದ್ದೆ.
ಬಾಜೂ ಕುಂತಾಕಿ ಕೈ ಜೋಡಿಸಿ ಕೇಳಿದಳು:
ಯಾವ ದೇವರ ಹೆಸರ್ರೀ ಅದು?